ಹದಿನಾರು ದಿನ ಮೊದಲೇ ಬಂದ ಸಿನಿಮಾ

2000ನೇ ಇಸವಿಯ ಜುಲೈ 14ರಂದು ‘ಜಂಗಲ್’ ಎಂಬ ಹಿಂದಿ ಸಿನಿಮಾ ತೆರೆಗೆ ಬಂತು. ನಿರ್ದೇಶಕ ರಾಮ್ ಗೋಪಾಲ್ ವರ್ಮಾ. ಕಾಡು ಸುತ್ತಲು ಬಂದ ಪಟ್ಟಣದವರ ತಂಡವೊಂದನ್ನು ದುರ್ಗಾ ನಾರಾಯಣ ಚೌಧರಿ ಎಂಬ ಕಾಡುಗಳ್ಳ ಒತ್ತೆಯಾಗಿ ಹಿಡಿಯುತ್ತಾನೆ, ಸರ್ಕಾರದ ಮುಂದೆ ಬೇಡಿಕೆ ಇಡುತ್ತಾನೆ. ಕಥೆ ಇಷ್ಟೇ. ಫರ್ದೀನ್ ಖಾನ್, ಊರ್ಮಿಳಾ ಮಾತೋಂಡ್ಕರ್, ಸುನಿಲ್ ಶೆಟ್ಟಿ ಇದ್ದರೂ ನೋಡಿದವರ ನೆನಪಿನಲ್ಲಿ ಉಳಿದದ್ದು ಕಳ್ಳನ ಪಾತ್ರ ಮಾಡಿದ ಸುಶಾಂತ್ ಸಿಂಗ್. ಸಿನಿಮಾದವರು ಹೆಸರು ಬದಲಿಸಿದ್ದರು. ಆದರೆ ಇದು ಯಾರ ಕಥೆ ಎಂದು ಕೇಳುವ ಪ್ರೇಕ್ಷಕ ಕರ್ನಾಟಕದಲ್ಲಂತೂ ಇರಲಿಲ್ಲ.

ಅದಾಗಿ ಹದಿನಾರನೇ ದಿನ, ಜುಲೈ 30ರ ಭಾನುವಾರ ರಾತ್ರಿ, ಅಸಲಿ ಕಾಡುಗಳ್ಳ ದೊಡ್ಡಗಾಜನೂರಿನ ತೋಟದ ಮನೆಗೆ ನುಗ್ಗಿ ಡಾ. ರಾಜ್‌ಕುಮಾರ್ ಅವರನ್ನು ಕರೆದುಕೊಂಡು ಹೋದ.

ಗಾಜನೂರು ನಮ್ಮ ಬಳ್ಳಾರಿಯಿಂದ ಐನೂರು ಕಿಲೋಮೀಟರಿನಷ್ಟು ದೂರ. ಆದರೆ ಆ ಊರಿನ ಪಾಡು ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗಾಜನೂರು ಇರುವ ತಾಳವಾಡಿ ಸೀಮೆಯ ಜನ ಮನೆಯಲ್ಲಿ ಆಡುವುದು ಕನ್ನಡ, ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು. ನಮ್ಮ ಜಿಲ್ಲೆಯನ್ನೂ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನಿಂದಲೇ ಆಳುತ್ತಿದ್ದರು. ಅಂದು ಬಳ್ಳಾರಿ ಮೈಸೂರಿಗೆ ಸೇರಿತು, ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಮೂರು ವರ್ಷ ಕಳೆದು, 1956ರಲ್ಲಿ, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂತು, ಪಕ್ಕದ ತಾಳವಾಡಿ ಅಲ್ಲೇ ಉಳಿಯಿತು. ಹೀಗೆ ಈ ಕಡೆಗೆ ಬಿದ್ದ ಕೊಳ್ಳೇಗಾಲ ಸೀಮೆಯ ಗೋಪಿನಾಥಂನಲ್ಲಿ 1952ರ ಜನವರಿಯಲ್ಲಿ ಹುಟ್ಟಿದವನು ಕೂಸೆ ಮುನಿಸ್ವಾಮಿ ವೀರಪ್ಪನ್. ಆ ಕಡೆ ಉಳಿದ ಗಾಜನೂರಿನವರು ರಾಜ್‌ಕುಮಾರ್. ಕನ್ನಡದ ವರನಟನ ಹುಟ್ಟೂರು ತಮಿಳುನಾಡಿನಲ್ಲಿ, ತಮಿಳರ ಪರ ಎಂದು ಹೇಳಿಕೊಂಡ ಕಾಡುಗಳ್ಳನ ಹುಟ್ಟೂರು ಕರ್ನಾಟಕದಲ್ಲಿ. ಇಬ್ಬರ ನಡುವೆ ಇದ್ದದ್ದು ಒಂದೇ ಕಾಡು.

ಆ ಕಾಡಿನಲ್ಲಿ ರಾಜ್ಯದ ಗಡಿ ಎಂಬುದು ಪೊಲೀಸರಿಗೆ ಮಾತ್ರ ಇತ್ತು. ಈ ಕಡೆಯ ಜೀಪು ಬಂದರೆ ವೀರಪ್ಪನ್ ಆ ಕಡೆ, ಆ ಕಡೆಯವರು ಬಂದರೆ ಈ ಕಡೆ. ಮೊದಲು ಆನೆಯ ದಂತ, ಆಮೇಲೆ ಶ್ರೀಗಂಧ. ದಂತಕ್ಕೆ ಗಂಡಾನೆಗಳನ್ನೇ ಹುಡುಕಿ ಹುಡುಕಿ ಹೊಡೆದದ್ದರಿಂದ ಆ ಕಾಡುಗಳಲ್ಲಿ ಹೆಣ್ಣಾನೆಗಳಿಗೆ ಹೋಲಿಸಿದರೆ ಸಲಗಗಳೇ ಅಪರೂಪವಾದವು. 1986ರಲ್ಲಿ ಒಮ್ಮೆ ಸಿಕ್ಕಿಬಿದ್ದಿದ್ದ. ಬೂದಿಪಡಗದ ಅರಣ್ಯ ಅತಿಥಿಗೃಹದಲ್ಲಿ ಇಟ್ಟಿದ್ದರು, ಅಲ್ಲಿಂದ ತಪ್ಪಿಸಿಕೊಂಡ. ಹೇಗೆ ತಪ್ಪಿಸಿಕೊಂಡ, ಯಾರು ಬಿಟ್ಟರು ಎಂಬ ಬಗ್ಗೆ ಆ ಭಾಗದಲ್ಲಿ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂದು ಬೀಗ ಭದ್ರವಾಗಿದ್ದಿದ್ದರೆ ಮುಂದಿನ ಹದಿನೆಂಟು ವರ್ಷದ ಚರಿತ್ರೆಯೇ ಇರುತ್ತಿರಲಿಲ್ಲ.

ಆ ಚರಿತ್ರೆಯಲ್ಲಿ ಸಿನಿಮಾದವರ ಕೈಗೆ ಸರಿಯಾಗಿ ಸಿಗದೆ ಹೋದವರು ಇಬ್ಬರು. ಮೊದಲನೆಯವರು ಪಿ. ಶ್ರೀನಿವಾಸ್, ಆಂಧ್ರದ ರಾಜಮಂಡ್ರಿಯ ಕಡೆಯಿಂದ ಬಂದ ಅರಣ್ಯಾಧಿಕಾರಿ. ವೀರಪ್ಪನ್‌ನನ್ನು ಕಾಡಿನಲ್ಲಿ ಹುಡುಕುವುದಕ್ಕಿಂತ ಗೋಪಿನಾಥಂನಲ್ಲಿ ಅವನಿಗಿರುವ ಆಸರೆ ತಪ್ಪಿಸಬೇಕು ಎಂಬುದು ಅವರ ಲೆಕ್ಕ. ಊರಿನಲ್ಲೇ ಹೋಗಿ ಉಳಿದರು, ಜನರ ಕಾಯಿಲೆ ಕಸಾಲೆ ನೋಡಿಕೊಂಡರು, ಮಾರಿಯಮ್ಮನಿಗೆ ಗುಡಿ ಕಟ್ಟಿಸಿದರು. ತಂಡದ ಕೆಲವರು ಬಂದು ಶರಣಾಗಲು ಶುರುವಾಯಿತು. ಕೊನೆಗೆ ವೀರಪ್ಪನ್ ತಾನೂ ಶರಣಾಗುತ್ತೇನೆ ಎಂದು ಹೇಳಿ ಕಳಿಸಿದ. 1991ರ ನವೆಂಬರ್ 10ರಂದು ಅವರು ಆಯುಧವಿಲ್ಲದೆ ಹೋದರು. ವೀರಪ್ಪನ್ ತಂಡದವರು ಗುಂಡಿಟ್ಟು ಕೊಂದು ತಲೆ ಕಡಿದರು. ಸರ್ಕಾರ ಕೀರ್ತಿಚಕ್ರ ಕೊಟ್ಟಿತು. ಗೋಪಿನಾಥಂನವರು ಅವರ ಫೋಟೋವನ್ನು ಅವರೇ ಕಟ್ಟಿಸಿದ ಗುಡಿಯಲ್ಲಿ ದೇವರ ಜೊತೆ ಇಟ್ಟರು.

ಅದೇ 1991ರಲ್ಲೇ ಕನ್ನಡದಲ್ಲಿ ದೇವರಾಜ್ ನಟಿಸಿದ ‘ವೀರಪ್ಪನ್’ ಬಂತು. ತಮಿಳಿನಲ್ಲಿ ವಿಜಯಕಾಂತ್ ಅವರ ನೂರನೇ ಚಿತ್ರ ‘ಕ್ಯಾಪ್ಟನ್ ಪ್ರಭಾಕರನ್’ ಬಂತು, ಅದರ ಖಳ ವೀರಭದ್ರನ್. ಮನುಷ್ಯ ಇನ್ನೂ ಕಾಡಿನಲ್ಲಿ ಬಂದೂಕು ಹಿಡಿದು ಓಡಾಡುತ್ತಿರುವಾಗಲೇ ತೆರೆಯ ಮೇಲೆ ಅವನ ಪಾತ್ರ ಓಡುತ್ತಿತ್ತು. 1999ರ ‘ಸರ್ಫರೋಶ್’ ಹೊತ್ತಿಗೆ ಮುಂಬೈಯವರಿಗೂ ಅವನೊಂದು ಸಿದ್ಧ ಸರಕಾದ. ಆ ಚಿತ್ರದಲ್ಲಿ ವೀರನ್ ಎಂಬ ಕಾಡಿನ ಖಳನೊಬ್ಬ ಇದ್ದಾನೆ.

ಸಿನಿಮಾಕ್ಕೆ ಸಿಗದ ಎರಡನೆಯವರ ಕಥೆ 1992ರ ಆಗಸ್ಟ್ 14ರಿಂದ ಶುರು. ಅದಕ್ಕೆ ಮೊದಲು ಮೇ 20ರಂದು ವೀರಪ್ಪನ್ ತಂಡ ರಾಮಾಪುರ ಪೊಲೀಸ್ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದಿತ್ತು. ಆಗಸ್ಟ್‌ನಲ್ಲಿ ಮಾಹಿತಿದಾರನೊಬ್ಬನ ಮಾತು ನಂಬಿ ಎಸ್‌ಪಿ ಟಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ತಮ್ಮವರೊಂದಿಗೆ ಮೀಣ್ಯಂ ಕಡೆ ಹೊರಟರು. ದಾರಿಯಲ್ಲಿ ವೀರಪ್ಪನ್ ತಂಡದವರು ಹೊಂಚು ಹಾಕಿ ಕಾಯುತ್ತಿದ್ದರು. ಇಬ್ಬರೂ ಸತ್ತರು, ಜೊತೆಗಿದ್ದ ಸಿಬ್ಬಂದಿಯೂ ಸತ್ತರು. ಶಕೀಲ್ ಅಹಮದ್ ಅವರ ತಂದೆಯ ಹೆಸರು ಅಬ್ದುಲ್ ಕರೀಂ. ಅವರೂ ನಿವೃತ್ತ ಪೊಲೀಸ್ ಅಧಿಕಾರಿಯೇ. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದ ಮೇಲೆ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಯ (ಎಸ್‌ಟಿಎಫ್) ಜೊತೆ ಗಡಿ ಭದ್ರತಾ ಪಡೆಯೂ ಕಾಡಿಗೆ ಇಳಿಯಿತು. ಕಾಡಂಚಿನ ಹಳ್ಳಿಗಳ ನಿಜವಾದ ಕಷ್ಟದ ಕಾಲ ಇದು. ವೀರಪ್ಪನ್‌ಗೆ ಅಕ್ಕಿ ಕೊಟ್ಟೆ ಎಂದು ಎಸ್‌ಟಿಎಫ್ ಹೊಡೆಯುತ್ತಿತ್ತು, ಎಸ್‌ಟಿಎಫ್‌ಗೆ ಸುಳಿವು ಕೊಟ್ಟೆ ಎಂದು ವೀರಪ್ಪನ್ ಕೊಲ್ಲುತ್ತಿದ್ದ. ಮಲೆ ಮಹದೇಶ್ವರ ಬೆಟ್ಟದ ಎಸ್‌ಟಿಎಫ್ ಶಿಬಿರದಲ್ಲಿ ಒಂದು ಜಾಗಕ್ಕೆ ‘ವರ್ಕ್‌ಶಾಪ್’ ಎಂದು ಹೆಸರಿತ್ತು. ಅಲ್ಲಿ ರಿಪೇರಿಗೆ ಬರುತ್ತಿದ್ದುದು ವಾಹನಗಳಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಸೋಲಿಗರು, ಲಿಂಗಾಯತರು, ತಮಿಳರು ಎನ್ನದೆ ಬಂದು ಹೇಳಿಕೆ ಕೊಟ್ಟರು. 2007ರಲ್ಲಿ ಆಯೋಗವು 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ಪೊಲೀಸರ ಶೌರ್ಯದ ಮೇಲೆ ನಿಂತ ಸಿನಿಮಾಗಳಲ್ಲಿ ಈ ವರ್ಕ್‌ಶಾಪಿಗೆ ಜಾಗ ಸಿಕ್ಕಿದ್ದು ಕಡಿಮೆ. ಸಿಕ್ಕಿದರೂ ಅದು ತನಿಖೆಯ ಬಿರುಸು ತೋರಿಸಲು ಮಾತ್ರ.

ಆ ದಿನಗಳಲ್ಲಿ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಹಿಡಿದು ತಂದ ಹಳ್ಳಿಗರಲ್ಲಿ ಐವತ್ತರಷ್ಟು ಜನ 2000ದ ಹೊತ್ತಿಗೂ ಮೈಸೂರು ಜೈಲಿನಲ್ಲೇ ಇದ್ದರು. ವಿಚಾರಣೆ ತೆವಳುತ್ತಿತ್ತು. ಇಷ್ಟು ಹಿನ್ನೆಲೆ ಇಟ್ಟುಕೊಂಡು ಗಾಜನೂರಿನ ರಾತ್ರಿಗೆ ಬರೋಣ.

ಊರಿನಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶಕ್ಕೆಂದು ರಾಜ್‌ಕುಮಾರ್ ದಂಪತಿ ಬಂದಿದ್ದರು. ಅವರಿಗಾಗ 71 ವರ್ಷ. ಊಟ ಮುಗಿಸಿ ಟಿವಿ ನೋಡುತ್ತಾ ಕೂತಿದ್ದ ಹೊತ್ತಿನಲ್ಲಿ ವೀರಪ್ಪನ್ ಬಂದ. ಅವರ ಜೊತೆಗೆ ಅಳಿಯ ಎಸ್.ಎ. ಗೋವಿಂದರಾಜ್, ಬಂಧು ನಾಗೇಶ್, ಸಹಾಯಕ ನಿರ್ದೇಶಕ ನಾಗಪ್ಪ ಮಾರಡಗಿ ಅವರನ್ನೂ ಎಬ್ಬಿಸಿದ. ರಾಜ್‌ಕುಮಾರ್ ಪತ್ನಿ ಪಾರ್ವತಮ್ಮನವರ ಕೈಗೆ ಒಂದು ಆಡಿಯೊ ಕ್ಯಾಸೆಟ್ ಕೊಟ್ಟು ಮುಖ್ಯಮಂತ್ರಿಗೆ ತಲುಪಿಸಿ ಎಂದ. ಆಕೆ ರಾತ್ರೋರಾತ್ರಿ ಬೆಂಗಳೂರಿಗೆ ಹೊರಟು, ಬೆಳಗಾಗುವ ಮೊದಲೇ ಎಸ್.ಎಂ. ಕೃಷ್ಣ ಅವರ ಮನೆ ಬಾಗಿಲಿಗೆ ಬಂದು ಕ್ಯಾಸೆಟ್ ಒಪ್ಪಿಸಿದರು. ಗಂಡನನ್ನು ಬಂದೂಕಿನ ಮುಂದೆ ಕಳಿಸಿಕೊಟ್ಟ ರಾತ್ರಿಯೇ ಮಾಡಿದ ಪಯಣ ಇದು. ಈ ಇಡೀ ಪ್ರಕರಣದಲ್ಲಿ ಸಿನಿಮಾದವರು ಚಿತ್ರಕಥೆ ಬರೆಯಬೇಕಾದ ಅಗತ್ಯವೇ ಇಲ್ಲದ ಭಾಗವೊಂದಿದ್ದರೆ ಅದು ಗಾಜನೂರಿನಿಂದ ಬೆಂಗಳೂರಿನವರೆಗಿನ ಆ ಕಾರಿನ ದಾರಿ.

ಬೆಳಗ್ಗೆ ಸುದ್ದಿ ಹಬ್ಬಿತು. ಬೆಂಗಳೂರಿನಲ್ಲಿ ಬಸ್ಸುಗಳ ಮೇಲೆ ಕಲ್ಲು ಬಿತ್ತು, ಶಾಲೆಗಳು ಮುಚ್ಚಿದವು, ಗಾಂಧಿನಗರದ ಚಿತ್ರೋದ್ಯಮ ಸ್ತಬ್ಧವಾಯಿತು. ಬಳ್ಳಾರಿಯ ಗಾಂಧಿನಗರದಲ್ಲಿ ಕೂತು ಬರೆಯುವವನಿಗೆ ಈ ಹೆಸರು ಬಂದಾಗಲೆಲ್ಲ ಒಂದು ಷರಾ ಹಾಕಬೇಕಾಗುತ್ತದೆ: ಇದು ನಮ್ಮದಲ್ಲ, ಮೆಜೆಸ್ಟಿಕ್ ಪಕ್ಕದ್ದು. ಶೂಟಿಂಗ್ ನಿಂತಿತು, ಥಿಯೇಟರುಗಳು ಬಾಗಿಲು ಹಾಕಿದವು. ತೆಲುಗು ಸಿನಿಮಾಕ್ಕೂ ಕನ್ನಡ ಸಿನಿಮಾಕ್ಕೂ ಒಂದೇ ಉತ್ಸಾಹದಲ್ಲಿ ಸಾಲು ನಿಲ್ಲುವ ನಮ್ಮೂರಿನಲ್ಲೂ ಆ ದಿನಗಳಲ್ಲಿ ಮಾತು ಅಣ್ಣಾವ್ರದೇ.

ವಿಚಿತ್ರ ನೋಡಿ, 1973ರ ‘ಗಂಧದ ಗುಡಿ’ಯಲ್ಲಿ ರಾಜ್‌ಕುಮಾರ್ ಕಾಡುಗಳ್ಳರನ್ನು ಹಿಡಿಯುವ ಅರಣ್ಯಾಧಿಕಾರಿ. ಕನ್ನಡಿಗರಿಗೆ ಕಾಡು ಕಾಯುವವರ ಚಿತ್ರ ಮನಸ್ಸಿನಲ್ಲಿ ಮೂಡಿದ್ದೇ ಆ ಖಾಕಿ ಉಡುಪಿನಿಂದ. ಇಪ್ಪತ್ತೇಳು ವರ್ಷದ ಮೇಲೆ ಶ್ರೀಗಂಧದ ಕಳ್ಳನೇ ಬಂದು ಆ ಅರಣ್ಯಾಧಿಕಾರಿಯನ್ನು ಕಾಡಿಗೆ ಎಳೆದುಕೊಂಡು ಹೋದ. ಇಂಥದ್ದನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ.

ಕೃಷ್ಣ ಚೆನ್ನೈಗೆ ಹಾರಿ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿಯವರನ್ನು ಕಂಡರು. 1991ರ ಕಾವೇರಿ ಗಲಭೆಯ ನೆನಪು ಇಬ್ಬರಿಗೂ ಹಸಿಯಾಗಿತ್ತು. ರಾಜ್‌ಕುಮಾರ್ ಅವರಿಗೆ ಏನಾದರೂ ಆದರೆ ಬೆಂಗಳೂರಿನ ತಮಿಳರ ಗತಿ ಏನು ಎಂಬುದೇ ಮೊದಲ ಚಿಂತೆ. ಸಂಧಾನಕ್ಕೆ ‘ನಕ್ಕೀರನ್’ ಪತ್ರಿಕೆಯ ಸಂಪಾದಕ ಆರ್.ಆರ್. ಗೋಪಾಲ್ ಹೊರಟರು. ಅವರು ಕಾಡಿಗೆ ಹೋಗಿ ಬಂದಾಗೆಲ್ಲ ಕ್ಯಾಸೆಟ್ಟುಗಳು ಹೊರಬರುತ್ತಿದ್ದವು. ಬೇಡಿಕೆಗಳ ಪಟ್ಟಿ ಕಾಡುಗಳ್ಳನದ್ದಂತೆ ಇರಲಿಲ್ಲ. ಕಾವೇರಿ ನೀರು ಬಿಡಬೇಕು, 1991ರ ಗಲಭೆಯ ಸಂತ್ರಸ್ತರಿಗೆ ಪರಿಹಾರ ಕೊಡಬೇಕು, ಬೆಂಗಳೂರಿನಲ್ಲಿ ಮುಸುಕು ಹಾಕಿ ನಿಲ್ಲಿಸಿದ್ದ ತಿರುವಳ್ಳುವರ್ ಪ್ರತಿಮೆ ಅನಾವರಣವಾಗಬೇಕು, ಚಹಾ ತೋಟದ ಕೂಲಿಗಳ ಸಂಬಳ ಏರಬೇಕು, ಸದಾಶಿವ ಸಮಿತಿಯ ಕೆಲಸಕ್ಕೆ ಬಿದ್ದ ತಡೆ ತೆಗೆಸಬೇಕು. ಮತ್ತೆ, ಮೈಸೂರು ಜೈಲಿನ ಟಾಡಾ ಬಂದಿಗಳನ್ನು ಬಿಡಬೇಕು. ಕಾಡಿನಲ್ಲಿ ಅವನ ಸುತ್ತ ತಮಿಳು ರಾಷ್ಟ್ರೀಯವಾದಿಗಳು ಸೇರಿಕೊಂಡಿದ್ದರು ಎಂಬುದು ಆ ಪಟ್ಟಿಯ ಭಾಷೆಯಲ್ಲೇ ಕಾಣುತ್ತಿತ್ತು. ಆದರೆ ಅವರು ಬರೆದುಕೊಟ್ಟರು ಎಂಬ ಕಾರಣಕ್ಕೆ ವರ್ಕ್‌ಶಾಪಿನಲ್ಲಿ ಏಟು ತಿಂದವರ ದೂರು ಸುಳ್ಳಾಗುವುದಿಲ್ಲ. ತಿರುವಳ್ಳುವರ್ ಮುಸುಕು ತೆಗೆದದ್ದು ಕೊನೆಗೆ 2009ರ ಆಗಸ್ಟ್‌ನಲ್ಲಿ, ಬದಲಿಗೆ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ನಿಂತಿತು. ಆ ಹೊತ್ತಿಗೆ ಬೇಡಿಕೆ ಇಟ್ಟವನು ಇರಲಿಲ್ಲ.

ಎರಡೂ ಸರ್ಕಾರಗಳಿಗೆ ಸುಲಭವಾಗಿ ಕಂಡ ಬೇಡಿಕೆ ಬಂದಿಗಳದ್ದು. ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಮುಂದಾಯಿತು, ಮೈಸೂರಿನ ವಿಶೇಷ ನ್ಯಾಯಾಲಯ ಒಪ್ಪಿತು. ಇನ್ನೇನು ಜಾಮೀನು ಸಿಗಬೇಕು, ಆಗ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು.

ಅವರ ವಾದ ಸರಳವಾಗಿತ್ತು. ನನ್ನ ಮಗನನ್ನು ಕೊಂದ ಪ್ರಕರಣದ ಆರೋಪಿಗಳನ್ನು, ಕೊಂದವನೇ ಕೇಳಿದ ಎಂದು ಸರ್ಕಾರ ಬಿಟ್ಟುಕೊಡುವುದು ಯಾವ ನ್ಯಾಯ? ಇಡೀ ರಾಜ್ಯ ಅಣ್ಣಾವ್ರು ಬಂದರೆ ಸಾಕು ಎಂದು ದೇವರಿಗೆ ಹರಕೆ ಹೊರುತ್ತಿದ್ದಾಗ ಅವರ ಬಿಡುಗಡೆಗೇ ಅಡ್ಡಿಯಾಗಬಹುದಾದ ಅರ್ಜಿಗೆ ಸಹಿ ಹಾಕುವುದೆಂದರೆ ಸಾಮಾನ್ಯ ಎದೆಗಾರಿಕೆಯಲ್ಲ. ಸುಪ್ರೀಂ ಕೋರ್ಟು ಮೊದಲು ಬಿಡುಗಡೆಗೆ ತಡೆ ಕೊಟ್ಟಿತು. ನವೆಂಬರ್ 7ರಂದು ನ್ಯಾಯಮೂರ್ತಿ ಎಸ್.ಪಿ. ಭರೂಚಾ ಅವರ ಪೀಠ ಆರೋಪ ಹಿಂತೆಗೆತವನ್ನೇ ರದ್ದು ಮಾಡಿತು. ಸರ್ಕಾರ ಹೇಳಿತು ಎಂದು ಸರ್ಕಾರಿ ವಕೀಲ ಅರ್ಜಿ ಹಾಕಿದರೆ ಸಾಲದು, ಹಿಂತೆಗೆತ ನ್ಯಾಯದ ಹಿತಕ್ಕೆ ಒಪ್ಪುತ್ತದೆಯೇ ಎಂದು ಸ್ವಂತ ಬುದ್ಧಿಯಿಂದ ತೂಗಿ ನೋಡಬೇಕು ಎಂಬುದು ತೀರ್ಪಿನ ತಿರುಳು. ಇಷ್ಟು ವರ್ಷ ಒಬ್ಬ ಕಳ್ಳನನ್ನು ಹಿಡಿಯಲಾಗದ ಎರಡು ಸರ್ಕಾರಗಳಿಗೂ ಪೀಠ ಚಾಟಿ ಬೀಸಿತು. ಕ್ರಿಮಿನಲ್ ಮೊಕದ್ದಮೆ ವಾಪಸು ಪಡೆಯುವ ವಿಚಾರ ಬಂದಾಗ ವಕೀಲರು ಈ ತೀರ್ಪನ್ನು ಇವತ್ತಿಗೂ ಎತ್ತಿ ಓದುತ್ತಾರೆ.

ಕರೀಂ ಗೆದ್ದರು. ಆದರೆ ಆ ಬಂದಿಗಳ ಕಥೆಯೂ ಇನ್ನೊಂದು ದಿಕ್ಕಿಗೆ ಹೊರಳಿತು. ಮರುವರ್ಷ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಬಹುಪಾಲು ಆರೋಪಿಗಳು ಖುಲಾಸೆಯಾದರು, ಕೆಲವೇ ಕೆಲವರಿಗೆ ಶಿಕ್ಷೆಯಾಯಿತು. ಮಗನನ್ನು ಕಳೆದುಕೊಂಡ ತಂದೆ ಕೋರ್ಟಿಗೆ ಹೋದದ್ದೂ ಸರಿ; ತಪ್ಪು ಸಾಬೀತಾಗದೆ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತ ಹಳ್ಳಿಯವನ ಸಂಕಟವೂ ಸರಿ. ಇಬ್ಬರಿಗೂ ಅನ್ಯಾಯ ಮಾಡಿದ್ದು ಒಂದೇ ಕೈ ಅಲ್ಲ. ಒಬ್ಬ ನಾಯಕ, ಒಬ್ಬ ಖಳ ಬೇಕೆನ್ನುವ ಸಿನಿಮಾ ಇಲ್ಲಿ ಯಾರನ್ನು ಎಲ್ಲಿ ನಿಲ್ಲಿಸೀತು? ಅದಕ್ಕೇ ಇರಬೇಕು, ವೀರಪ್ಪನ್ ಮೇಲೆ ಕನ್ನಡ, ತಮಿಳು, ಹಿಂದಿಗಳಲ್ಲಿ ಇಷ್ಟು ಚಿತ್ರಗಳು ಬಂದರೂ ಅಬ್ದುಲ್ ಕರೀಂ ಅವರನ್ನು ಮುಖ್ಯಪಾತ್ರ ಮಾಡಿದ ಒಂದು ಚಿತ್ರ ಬರಲಿಲ್ಲ.

ಈ ನಡುವೆ ಸೆಪ್ಟೆಂಬರ್ ಕೊನೆಯಲ್ಲಿ ನಾಗಪ್ಪ ತಪ್ಪಿಸಿಕೊಂಡು ಬಂದಿದ್ದರು. ಅಕ್ಟೋಬರ್‌ನಲ್ಲಿ ತಮಿಳು ರಾಷ್ಟ್ರೀಯವಾದಿ ನಾಯಕ ಪಿ. ನೆಡುಮಾರನ್ ಸಂಧಾನಕ್ಕೆ ಸೇರಿದ ಮೇಲೆ ಗೋವಿಂದರಾಜ್ ಹೊರಬಂದರು. ಸುಪ್ರೀಂ ಕೋರ್ಟ್ ತೀರ್ಪಿನ ಎಂಟನೇ ದಿನ, ನವೆಂಬರ್ 15ರಂದು, 108 ದಿನಗಳ ವನವಾಸ ಮುಗಿಸಿ ರಾಜ್‌ಕುಮಾರ್ ಬಂದರು. ಬಂದಿಗಳು ಬಿಡುಗಡೆಯಾಗಿರಲಿಲ್ಲ, ಕಾವೇರಿ ವಿವಾದ ಇದ್ದಲ್ಲೇ ಇತ್ತು. ಹಾಗಾದರೆ ವೀರಪ್ಪನ್ ಬಿಟ್ಟದ್ದೇಕೆ? ಹಣ ಕೈ ಬದಲಾಯಿಸಿತು ಎಂದು ಆಗ ರಾಜ್ಯದ ಪೊಲೀಸ್ ಮುಖ್ಯಸ್ಥರಾಗಿದ್ದ ಸಿ. ದಿನಕರ್ ನಿವೃತ್ತಿಯ ಬಳಿಕ ಪುಸ್ತಕವನ್ನೇ ಬರೆದರು. ಕೃಷ್ಣ ಅದನ್ನು ಅಲ್ಲಗಳೆದರು.

2002ರ ಆಗಸ್ಟ್‌ನಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯಿಂದ ಹೊತ್ತೊಯ್ದ. ಈ ಸಲ ಕಥೆ ಸುಖಾಂತವಾಗಲಿಲ್ಲ. ಡಿಸೆಂಬರ್‌ನಲ್ಲಿ ಅವರ ಹೆಣ ಕಾಡಿನಲ್ಲಿ ಸಿಕ್ಕಿತು. ಎರಡು ವರ್ಷದ ಮೇಲೆ, 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಸಮೀಪ ಆಂಬುಲೆನ್ಸ್ ಒಂದನ್ನು ತಮಿಳುನಾಡು ಎಸ್‌ಟಿಎಫ್ ತಡೆಯಿತು. ಕಣ್ಣಿನ ಚಿಕಿತ್ಸೆಗೆಂದು ಕಾಡಿನಿಂದ ಹೊರಟಿದ್ದ ವೀರಪ್ಪನ್ ಅದರೊಳಗಿದ್ದ. ಮೇಲೆ ಸೇಲಂನ ಆಸ್ಪತ್ರೆಯ ಹೆಸರಿದ್ದ ಆ ವಾಹನ ಪೊಲೀಸರದ್ದೇ. ಕೆ. ವಿಜಯಕುಮಾರ್ ಮುಂದಾಳತ್ವದ ಆ ಕಾರ್ಯಾಚರಣೆಯಲ್ಲಿ ಅವನೂ ಮೂವರು ಸಂಗಡಿಗರೂ ಸತ್ತರು. ಪೊಲೀಸರ ಈ ವಿವರಣೆಯನ್ನು ಅವನ ಕಡೆಯವರು ಒಪ್ಪಲಿಲ್ಲ.

ಇಲ್ಲಿಂದ ಮುಂದೆ ಸಿನಿಮಾಗಳಿಗೆ ಕೊನೆಯ ರೀಲು ಸಿಕ್ಕಿತು. ಎ.ಎಂ.ಆರ್. ರಮೇಶ್ ಅವರ ‘ಅಟ್ಟಹಾಸ’ 2013ರ ಫೆಬ್ರುವರಿಯಲ್ಲಿ ಬಂತು. ಕಿಶೋರ್ ವೀರಪ್ಪನ್, ಅರ್ಜುನ್ ಸರ್ಜಾ ಪೊಲೀಸ್ ಅಧಿಕಾರಿ, ರಾಜ್‌ಕುಮಾರ್ ಪಾತ್ರಕ್ಕೆ ಹಿಂದಿಯ ಸುರೇಶ್ ಒಬೆರಾಯ್. ಬಿಡುಗಡೆಗೆ ಮೊದಲೇ ವೀರಪ್ಪನ್ ಪತ್ನಿ ಮುತ್ತುಲಕ್ಷ್ಮಿ ಕೋರ್ಟಿನ ಮೆಟ್ಟಿಲೇರಿದ್ದರು. ಆಮೇಲೆ ರಾಮ್ ಗೋಪಾಲ್ ವರ್ಮಾ ತಮ್ಮ ಹಳೆಯ ಬೇಟೆಗೆ ಮರಳಿದರು. 2016ರ ಜನವರಿ 1ರಂದು ಕನ್ನಡದಲ್ಲಿ ‘ಕಿಲ್ಲಿಂಗ್ ವೀರಪ್ಪನ್’, ಅದೇ ವರ್ಷ ಮೇ 27ರಂದು ಹಿಂದಿಯಲ್ಲಿ ‘ವೀರಪ್ಪನ್’. ಎರಡರಲ್ಲೂ ಕಾಡುಗಳ್ಳ ಸಂದೀಪ್ ಭಾರದ್ವಾಜ್. ಆ ಮೀಸೆ, ಆ ಒಣಕಲು ಮೈ, ಆ ನೋಟ ನೋಡಿದರೆ ಹಳೆಯ ಪತ್ರಿಕೆಯ ಫೋಟೋ ಎದ್ದು ಬಂದಂತಿತ್ತು. ಕನ್ನಡದಲ್ಲಿ ಪೊಲೀಸ್ ಅಧಿಕಾರಿ ಶಿವರಾಜ್‌ಕುಮಾರ್. ತಂದೆಯನ್ನು ಹೊತ್ತೊಯ್ದವನನ್ನು ಮಗನೇ ಬೇಟೆಯಾಡುತ್ತಾನೆ ಎಂಬುದು ಪೋಸ್ಟರಿನಲ್ಲಿ ಬರೆಯದೆಯೂ ಎಲ್ಲರಿಗೂ ಗೊತ್ತಿತ್ತು, ಸಿನಿಮಾ ಗೆದ್ದಿತು. ಹಿಂದಿಯಲ್ಲಿ ಆ ಜಾಗದಲ್ಲಿ ಸಚಿನ್ ಜೋಶಿ ನಿಂತರು. ಕಥೆ ಅದೇ, ಆಂಬುಲೆನ್ಸ್ ಅದೇ. ಆದರೆ ಮುಂಬೈಯ ಪ್ರೇಕ್ಷಕನಿಗೆ ಆ 108 ದಿನಗಳ ಲೆಕ್ಕ ಗೊತ್ತಿರಲಿಲ್ಲ. ಸಿನಿಮಾ ಮಕಾಡೆ ಮಲಗಿತು.

ವರ್ಮಾ ಅವರ ಸಿನಿಮಾಕ್ಕೂ ನಿಜ ಜೀವನಕ್ಕೂ ಇರುವ ಈ ಅಂಟಿನ ಬಗ್ಗೆ ಬಳ್ಳಾರಿಯವರಿಗೆ ಇನ್ನೊಂದು ಉದಾಹರಣೆ ಗೊತ್ತು. ಪಕ್ಕದ ಅನಂತಪುರ 1882ರವರೆಗೆ ಬಳ್ಳಾರಿ ಜಿಲ್ಲೆಯದೇ ಭಾಗ. ಅಲ್ಲಿನ ರಾಜಕಾರಣಿ ಪರಿಟಾಲ ರವಿಯ ಹಗೆತನದ ಕಥೆಯನ್ನು ಅವರು 2010ರಲ್ಲಿ ‘ರಕ್ತ ಚರಿತ್ರ’ ಎಂದು ಹಿಂದಿ, ತೆಲುಗಿನಲ್ಲಿ ಎರಡು ಭಾಗ ಮಾಡಿದರು. ಎರಡನೇ ಭಾಗ ಡಿಸೆಂಬರ್ 3ಕ್ಕೆ ಬಂತು. ಅದರಲ್ಲಿ ತಮಿಳಿನ ಸೂರ್ಯ ಮಾಡಿದ ಪಾತ್ರಕ್ಕೆ ಮೂಲವಾದ ಮದ್ದೆಲಚೆರುವು ಸೂರಿ, ಬರೋಬ್ಬರಿ ಒಂದು ತಿಂಗಳಿಗೆ ಹೈದರಾಬಾದಿನಲ್ಲಿ ಕೊಲೆಯಾದ. ಇದರಲ್ಲಿ ನಿರ್ದೇಶಕನ ಭವಿಷ್ಯವಾಣಿಯೇನೂ ಇಲ್ಲ. ಇನ್ನೂ ಮುಗಿಯದ ಹಗೆಯನ್ನು ಮುಗಿದ ಕಥೆ ಎಂಬಂತೆ ತೆರೆಗೆ ತಂದರೆ ಹೀಗಾಗುತ್ತದೆ. ‘ಜಂಗಲ್’ ಕೂಡ ಮುಗಿಯದ ಕಥೆಯೇ ಆಗಿತ್ತು.

ಗೋಪಿನಾಥಂಗೆ ಈಗ ಪ್ರವಾಸಿಗರು ಹೋಗುತ್ತಾರೆ. ಜಂಗಲ್ ಲಾಡ್ಜಸ್‌ನವರ ಶಿಬಿರ ಅಲ್ಲಿದೆ. ಪಾಲಾರ್ ಸ್ಫೋಟದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ನಾಲ್ವರ ಶಿಕ್ಷೆಯನ್ನು, ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತ ಕಾರಣಕ್ಕೆ, ಸುಪ್ರೀಂ ಕೋರ್ಟು 2014ರಲ್ಲಿ ಜೀವಾವಧಿಗೆ ಇಳಿಸಿತು. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡರು. ಅವರ ಅಪಹರಣದ ಮೊಕದ್ದಮೆ ಮಾತ್ರ ತಮಿಳುನಾಡಿನ ಗೋಬಿಚೆಟ್ಟಿಪಾಳಯದ ಕೋರ್ಟಿನಲ್ಲಿ ನಡೆಯುತ್ತಲೇ ಇತ್ತು. ಹದಿನಾಲ್ಕು ಆರೋಪಿಗಳಲ್ಲಿ ವೀರಪ್ಪನ್ ಸೇರಿ ಕೆಲವರು ಅಷ್ಟರಲ್ಲಿ ಸತ್ತಿದ್ದರು. 2018ರ ಸೆಪ್ಟೆಂಬರ್ 25ರಂದು, ಸಾಕ್ಷ್ಯ ಸಾಲದೆಂದು, ವಿಚಾರಣೆ ಎದುರಿಸಿದ ಒಂಬತ್ತು ಮಂದಿಯನ್ನೂ ನ್ಯಾಯಾಲಯ ಖುಲಾಸೆ ಮಾಡಿತು.